ಬೆಲಾಂಗ್ ಮೇಲಿನ ದೂರು

ಮಾರ್ತಾಪುರ ನದಿಯಲ್ಲಿ ದೋಣಿ ನಡೆಸುವ ಜರ್ಕಾಸಿಗೆ ಬೆಕ್ಕಿನ ಕೂದಲು ಆಗುತ್ತಿರಲಿಲ್ಲ. ಸಾಕಿದ ಬೆಕ್ಕು ಬೆಲಾಂಗ್ ಮಡಿಲೇರಿದರೆ ಎರಡು ಸೀನು ಖಂಡಿತ. ಆದರೂ ಹುರಿದ ಮೀನಿನ ತಲೆ ಅದಕ್ಕೇ ಮೀಸಲು.

ಈ ಬೇಸಿಗೆಯಲ್ಲಿ ಸೀನು ಹೋಗಿ ಉಬ್ಬಸ ಶುರುವಾಯಿತು. "ಎಲ್ಲಾ ಈ ಮುಂಡೇದ್ರಿಂದ್ಲೇ" ಎಂದು ಬೈದು, ಒಂದು ಬೆಳಿಗ್ಗೆ ಬೆಕ್ಕನ್ನು ಆಚೆ ದಡದ ಅಕ್ಕನ ಮನೆಯಲ್ಲಿ ಬಿಟ್ಟುಬಂದ. ಸಂಜೆ ಎಂದಿನಂತೆ ಸೊಳ್ಳೆ ಓಡಿಸಲು ಮಡಕೆಯಲ್ಲಿ ತೆಂಗಿನ ಸಿಪ್ಪೆಗೆ ಬೆಂಕಿಯಿಟ್ಟ. ಎದೆ ಮತ್ತೆ ಸಿಳ್ಳೆ ಹಾಕತೊಡಗಿತು.

ಹೆಂಡತಿ ಮಸ್ನಾ ಕರೆಸಿದ ದಾದಿ ನೊರ್ಲೈಲಾ ಕೆಮ್ಮುತ್ತಲೇ ಒಳಗೆ ಬಂದಳು.

"ಚಿಕ್ಕಪ್ಪ, ಈ ಹೊಗೆ ದಿನಾ ಹಾಕ್ತೀರಾ?"

"ಹೂಂ. ಈ ವರ್ಷ ಸೊಳ್ಳೆ ಜಾಸ್ತಿ ಅಂತ ಮಡಕೇನ ಹಾಸಿಗೆ ಪಕ್ಕಕ್ಕೇ ತಂದಿಟ್ಟೆ."

"ಅಯ್ಯೋ! ಬೆಕ್ಕಿನ ಕೂದಲು ಕಂಡ್ರೆ ನಿಮ್ಮ ಮೈಗೆ ಮೊದಲೇ ಸಿಟ್ಟು. ಈ ಹೊಗೆ ಎದೆಯೊಳಗೆ ಹೋಗಿ ಉರಿಯೋ ಬೆಂಕಿಗೆ ತುಪ್ಪ ಸುರೀತಿದೆ. ಬೆಕ್ಕು ಹೋದ್ರೂ ಅದರ ಕೂದಲು ಚಾಪೇಲೇ ಇದೆಯಲ್ಲ."

"ಕೇಳಿಸ್ತೇನ್ರೀ?" ಎಂದಳು ಮಸ್ನಾ. "ಬೆಂಕಿ ಇಟ್ಟೋರು ನೀವು, ಊರು ಬಿಟ್ಟಿದ್ದು ಅದು."

ದಾದಿ ಕೊಟ್ಟ ಔಷಧಿಯನ್ನು ಬಾಯಿಂದ ಒಳಗೆಳೆದುಕೊಂಡು ಉಸಿರು ಹಗುರಾದ ಮೇಲೆ ಜರ್ಕಾಸಿ ಮಡಕೆಗೆ ನೀರು ಸುರಿದ. ಪೆಟ್ಟಿಗೆಯಲ್ಲಿದ್ದ ಹಳೆಯ ಸೊಳ್ಳೆಪರದೆಯನ್ನು ಹೆಂಡತಿಯ ಕೈಗಿತ್ತು, ಆಚೆ ದಡಕ್ಕೆ ದೋಣಿ ಬಿಚ್ಚಿದ.

ಹಿಂದಿರುಗುವಾಗ ಬೆಲಾಂಗ್ ಅವನ ಮಡಿಲಲ್ಲಿತ್ತು. ನಡುನದಿಯಲ್ಲಿ ಅವನು ಎರಡು ಸಲ ಸೀನಿದ. ಮೂರನೆಯದಕ್ಕೆ ಕಾದ. ಬರಲಿಲ್ಲ.

"ನಿನ್ನ ತಪ್ಪು ಇಷ್ಟೇ ಕಣೇ," ಎಂದು ಅದರ ತಲೆ ಸವರಿದ. "ಉಳಿದಿದ್ದೆಲ್ಲಾ ನಂದು."