ಕಲ್ಲ ಯಾರಿಡ್ತಾರ?

ಸುರಪುರದಲ್ಲಿ ಸಪಾಟಾದ ಓಣಿ ಹುಡುಕುವುದು ಕಷ್ಟ. ಅಂಬ್ರಪ್ಪನ ಮನೆಯ ಓಣಿಯಂತೂ ಬಾಗಿಲಲ್ಲಿ ಚೆಲ್ಲಿದ ನೀರು ಕೆಳಗಿನ ಬಜಾರದ ತನಕ ನಿಲ್ಲದೆ ಹೋಗುವಷ್ಟು ಇಳಿಜಾರು. ಅಂಥ ಜಾಗದಲ್ಲಿ ಅವನ ಹಳೆಯ ಬಿಳಿ ಕಾರು ನಿಲ್ಲುತ್ತಿದ್ದುದು ಹೆಂಡತಿ ಪರಿಮಳಾಳ ರಟ್ಟೆಯ ಬಲದಿಂದ.

ಹ್ಯಾಂಡ್‌ಬ್ರೇಕ್ ಎಳೆದರೆ ಲಿವರು ಸುಮ್ಮನೆ ಮೇಲೆದ್ದು ಬರುತ್ತಿತ್ತು, ಹಿಡಿಯುತ್ತಿರಲಿಲ್ಲ. ಗೇರಿನಲ್ಲಿ ಬಿಟ್ಟರೂ ಕಾರು ಮೆಲ್ಲಗೆ ಹಿಂದಕ್ಕೆ ಜರುಗುತ್ತಿತ್ತು. ಅದಕ್ಕೇ ಕಲ್ಲು. ಕಾರು ನಿಂತ ಕೂಡಲೇ ಅಂಬ್ರಪ್ಪ ಬ್ರೇಕಿನ ಮೇಲೆ ಕಾಲು ಒತ್ತಿಕೊಂಡು "ಕಲ್ಲ" ಎನ್ನುವನು. ಪಕ್ಕದ ಸೀಟಿನಲ್ಲಿ ಕೂತ ಪರಿಮಳಾ ಕಾಲ ಬುಡದಲ್ಲಿದ್ದ ಕಲ್ಲನ್ನು ಎತ್ತಿಕೊಂಡು ಇಳಿದು, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿ ಹಿಡಿದು, ಗಾಲಿಗೆ ಒತ್ತು ಕೊಡುವಳು. ಹೊರಡುವಾಗ ಮತ್ತೆ ಎತ್ತಿಡುವಳು. ಮದುವೆಗೆ ಹೋದರೂ ಅದೇ, ಮಣ್ಣಿಗೆ ಹೋದರೂ ಅದೇ. ಬೀಗರು ಅಂಬ್ರಪ್ಪನ ಕೈ ಹಿಡಿದು ಒಳಗೆ ಕರೆದೊಯ್ಯುವಾಗ ಅವಳು ಹಿಂದೆ ನಿಂತು ಕೈಯ ಧೂಳು ಕೊಡವಿಕೊಳ್ಳುತ್ತಿದ್ದಳು.

ಅದು ಅತ್ತೆ ದೇವಕಮ್ಮ ಜೋಳ ಬೀಸಿ ಬೀಸಿ ಸವೆಸಿದ ಬೀಸುಕಲ್ಲು. ಓಣಿಗೆ ಗಿರಣಿ ಬಂದ ಮೇಲೆ ಹಿತ್ತಲಲ್ಲಿ ಬಿದ್ದು ಎರಡು ಹೋಳಾಗಿತ್ತು. ಒಂದು ಹೋಳು ಗಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತಿತ್ತು.

"ಆ ಕಲ್ಲ ನನ್ನ ರಟ್ಟಿ ತಿಂತು," ಎನ್ನುತ್ತಿದ್ದಳು ದೇವಕಮ್ಮ, ಕಟ್ಟೆಯ ಮೇಲೆ ಕೂತು. "ಈಗ ನಿನ್ನ ಸೊಂಟ ತಿನ್ನಾಕತ್ತದ. ಇನ್ನಾ ಹೊಟ್ಟಿ ತುಂಬಿಲ್ಲ ಅದಕ್ಕ."

ಪರಿಮಳಾ ಶಹಾಪುರದವಳು. ಅಲ್ಲಿಯ ಗುಡ್ಡದ ಸಾಲು ದೂರದಿಂದ ನೋಡಿದರೆ ಮಲಗಿದ ಬುದ್ಧನೇ: ಹಣೆ, ಮೂಗು, ಗದ್ದ, ಎದೆ. ಅವ್ವ ಹತ್ತಿ ಬಿಡಿಸುವ ಕೂಲಿಗೆ ಹೊರಟಾಗ ಅವನು ಮಲಗಿರುತ್ತಿದ್ದ. ತಿರುಗಿ ಬಂದು ಒಲೆ ಹಚ್ಚುವಾಗಲೂ ಮಲಗಿರುತ್ತಿದ್ದ. ಹಗಲು ಹೊತ್ತು ಮಲಗಿಯೂ ಬೈಸಿಕೊಳ್ಳದವನು ಈ ಊರಲ್ಲಿ ಅವನೊಬ್ಬನೇ ಎಂದು ಹುಡುಗಿ ಪರಿಮಳಾಗೆ ಅನ್ನಿಸುತ್ತಿತ್ತು. ಅವನ ಮೇಲೆ ಸಿಟ್ಟಿರಲಿಲ್ಲ, ಅವನಂತೆ ಮಲಗುವ ಆಸೆ ಇತ್ತು. ಓದಿ ಟೀಚರ್ ಆದಳು. ತಾಲೂಕು ಕಚೇರಿಯ ಗುಮಾಸ್ತ ಅಂಬ್ರಪ್ಪನನ್ನು ಮದುವೆಯಾಗಿ ಸುರಪುರಕ್ಕೆ ಬಂದಳು. ಬೆಳಿಗ್ಗೆ ರೊಟ್ಟಿ ಬಡಿದು ಶಾಲೆಗೆ ಹೋಗುವುದು, ಸಂಜೆ ಬಂದು ಮತ್ತೆ ಒಲೆ ಹಚ್ಚುವುದು ನಡೆದೇ ಇತ್ತು. ಹಗಲಲ್ಲಿ ಮಲಗಿದ್ದು ಬಾಣಂತನದಲ್ಲಿ ಮಾತ್ರ.

ಆಕೆಗೆ ಒಂದು ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಕಲ್ಲು ಇಡಲು ಮರೆತಿದ್ದಾಳೆ. ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದ್ದಾಳೆ. ಸ್ಟೇರಿಂಗ್ ಮುಂದೆ ಯಾರೂ ಇಲ್ಲ. ಕಾರು ತೊಟ್ಟಿಲಿನಂತೆ ತೂಗುತ್ತ ಇಳಿಯುತ್ತದೆ. ಬಳೆ ಅಂಗಡಿ ದಾಟುತ್ತದೆ, ದರ್ಜಿ ಸೂಜಿ ಬಾಯಲ್ಲಿ ಕಚ್ಚಿಕೊಂಡು ಕತ್ತೆತ್ತಿ ನೋಡುತ್ತಾನೆ, ಬಜಾರ ಸರಿದುಹೋಗುತ್ತದೆ, ಡಾಂಬರು ಕರಗಿ ಎರೆಮಣ್ಣಾಗುತ್ತದೆ. ಎರಡೂ ಬದಿಗೆ ಅರಳಿದ ಹತ್ತಿ. ಗಾಲಿಗೆ ಸದ್ದೇ ಇಲ್ಲ. ಅವಳಿಗೆ ಅಂಜಿಕೆಯೂ ಇಲ್ಲ. ಅಷ್ಟರಲ್ಲಿ ಎಲ್ಲೋ ದೂರದಿಂದ "ಕಲ್ಲ" ಎಂಬ ದನಿ ಕೇಳಿ ಎಚ್ಚರವಾಗುತ್ತದೆ. ಎದ್ದು ಹೋಗಿ ನೋಡಿದರೆ ಕಲ್ಲು ಗಾಲಿಯ ಅಡಿಯಲ್ಲೇ ಇರುತ್ತಿತ್ತು. ಆಗ ಅವಳಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾಗುತ್ತಿತ್ತು.

ಕಳೆದ ಬೇಸಿಗೆ ರಜೆಯಲ್ಲಿ ಅವಳು ಕಾರು ಕಲಿತಳು, ಲೈಸೆನ್ಸೂ ಬಂತು. "ಒಂದಿನ ಒಬ್ಬಾಕೇ ಶಹಾಪುರಕ್ಕ ಹೋಗಿ ಬರ್ತೀನ್ರಿ," ಎಂದಳು ಗಂಡನಿಗೆ.

"ಹೋಗು, ಬ್ಯಾಡ ಅಂದವರ್ಯಾರು?" ಎಂದ ಅಂಬ್ರಪ್ಪ, ಮುದ್ದಿ ಪಲ್ಯಕ್ಕೆ ರೊಟ್ಟಿ ಅದ್ದುತ್ತ. "ಆದ್ರ ಕಲ್ಲ ಯಾರಿಡ್ತಾರ?"

ಅವನು ಕೆಟ್ಟವನಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದ. ಆದರೆ ಆ ಪ್ರಶ್ನೆ ಪರಿಮಳಾಳ ಹಿಂದೆ ಬಿತ್ತು. ಹಿಟ್ಟು ನಾದುವಾಗ, ಕರಿಹಲಗೆ ಒರೆಸುವಾಗ ಅದೇ. ಒಂದು ಕಲ್ಲಿಗಾಗಿ ತಾನು ಉಳಿದ ಆಯುಷ್ಯವೆಲ್ಲ ಪಕ್ಕದ ಸೀಟಿನಲ್ಲೇ ಕೂರಬೇಕೇ?

ಮುಂದಿನ ಭಾನುವಾರ ಅವಳೇ ಕಾರು ನಡೆಸಿದಳು, ಅಂಬ್ರಪ್ಪ ಪಕ್ಕದಲ್ಲಿ. ಊರೆಲ್ಲ ಸುತ್ತಿ ಬಂದು ಮನೆಯ ಮುಂದೆ ನಿಲ್ಲಿಸಿ, ಬ್ರೇಕು ಒತ್ತಿಕೊಂಡು, "ಕಲ್ಲ" ಎಂದಳು.

ಅಂಬ್ರಪ್ಪ ಹಿಂದಿನ ಸೀಟನ್ನು ತಿರುಗಿ ನೋಡಿದ. "ಯಾರಿಗಂದಿ?"

"ಬಾಜೂಕ ಕೂತವರಿಗೆ."

ಇಳಿದ. ಕಲ್ಲು ತಂದು ಗಾಲಿಯ ಮುಂದೆ ಇಟ್ಟ. ಅವಳು ಕಾಲು ಸಡಿಲಿಸಿದಳು. ಕಾರು ಹಿಂದಕ್ಕೆ ಸರಿಯಿತು, ಮತ್ತೆ ಒತ್ತಿದಳು. ಕಟ್ಟೆಯ ಮೇಲಿನಿಂದ ದೇವಕಮ್ಮ ನಕ್ಕಳು. "ಇಷ್ಟ ವರ್ಷ ಆಕಿ ಯಾವ ಕಡಿ ಇಡ್ತಾಳಂತ ಒಂದಿನಾನೂ ನೋಡಿಲ್ಲೇನೋ ನೀ?"

ಮರುದಿನ ಶಾಲೆ ಬಿಟ್ಟವಳೇ ಪರಿಮಳಾ ಕಾರನ್ನು ಊರ ಹೊರಗಿನ ಗಯಾಸನ ಗ್ಯಾರೇಜಿಗೆ ಒಯ್ದಳು.

"ಸಾಹೇಬ್ರು ಬಂದಾಗೆಲ್ಲ, ವೈರ್ ಬಿಗಿ ಮಾಡು, ಜಲ್ದಿ ಮಾಡು ಅಂತಾರಿ," ಎಂದ ಗಯಾಸ. "ಬಿಗಿ ಮಾಡಿ ಮಾಡಿ ನಟ್ಟಿಗೆ ಜಾಗ ಉಳಿದಿಲ್ಲ. ಸಡ್ಲ ಇರೋದು ಒಳಗ, ಅಕ್ಕಾರ. ಗಾಲಿಯ ಡ್ರಮ್ಮಿನೊಳಗ ಅದನ್ನ ಹಿಡಿಯೋ ಬ್ರೇಕಿನ ಶೂ ಸವೆದು ದೂರ ಸರಿದಾವ. ಹೊರಗಿನ ವೈರ್ ಎಷ್ಟ್ ಜಗ್ಗಿದ್ರೇನು?"

"ಹೊರಸಿನಂಗ," ಎಂದಳು ಪರಿಮಳಾ. ಹಗ್ಗ ನೇಯ್ದ ಮಂಚದ ಹೊಟ್ಟೆ ಜೋತುಬಿದ್ದಾಗ ಕಾಲ ಕಡೆಯ ಹಗ್ಗವನ್ನಷ್ಟೇ ಎಳೆದರೆ ಆಗದು, ನೇಯ್ಗೆಯನ್ನು ಒಳಗಿನಿಂದ ಬಿಗಿಯುತ್ತ ಬರಬೇಕು.

"ಬರೋಬ್ಬರಿ ಹೊರಸಿನಂಗ," ಎಂದು ಗಯಾಸ ನಕ್ಕ.

ಬೀಸುಕಲ್ಲನ್ನು ಮುಂದಿನ ಗಾಲಿಗೆ ಒತ್ತು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ದಿಮ್ಮಿಗಳ ಮೇಲೆ ಕೂರಿಸಿದ. ಲಿವರು ಪೂರ್ತಿ ಇಳಿಸಿ ವೈರಿನ ನಟ್ಟು ಸಡಿಲಿಸಿದ. ಡ್ರಮ್ಮಿನ ಹಿಂದಿನ ಸಣ್ಣ ತೂತಿನೊಳಗೆ ಸ್ಕ್ರೂಡ್ರೈವರ್ ತೂರಿಸಿ, ಅಲ್ಲಿದ್ದ ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ಮೀಟುತ್ತ, ನಡುನಡುವೆ ಗಾಲಿ ತಿರುಗಿಸಿ ನೋಡಿದ.

"ಆ ಕಡಿದು ನಾ ಮಾಡ್ತೀನಿ," ಎಂದಳು ಪರಿಮಳಾ.

ಸೆರಗು ಸಿಕ್ಕಿಸಿ ಕೂತಳು. ಒಂದು ಹಲ್ಲು ಮೀಟಿದಳು, ಗಾಲಿ ತಿರುಗಿಸಿದಳು. ಸದ್ದಿಲ್ಲ. ಇನ್ನೊಂದು, ಮತ್ತೊಂದು. ಆಮೇಲೆ ಒಳಗಿನಿಂದ ಸಣ್ಣಗೆ ಸರ್ ಸರ್ ಎಂದಿತು. ನಸುಕಿನಲ್ಲಿ ಯಾರದೋ ಮನೆಯಲ್ಲಿ ಬೀಸುಕಲ್ಲು ಜೋಳ ನುರಿಸುವ ಸದ್ದು ನಿದ್ದೆಯ ಅಂಚಿನಲ್ಲಿ ಕೇಳಿದ ಹಾಗೆ. ಅವಳು ಗಾಲಿ ತಿರುಗಿಸುತ್ತಲೇ ಇದ್ದಳು.

"ಹಾಂ, ತಾಕಿತು," ಎಂದ ಗಯಾಸ. "ಈಗ ಒಂದೀಟು ಹಿಂದಕ್ಕ ಬಿಡ್ರಿ. ಗಾಲಿ ಹಗುರ ತಿರುಗಬೇಕು."

ಕೊನೆಗೆ ವೈರಿನ ನಟ್ಟು ಬಿಗಿದ. ಲಿವರನ್ನು ಎಳೆದು ನೋಡಿದಳು. ಕಟ್ ಕಟ್ ಎಂದು ಸ್ವಲ್ಪವೇ ಎದ್ದು ಗಟ್ಟಿಯಾಗಿ ನಿಂತಿತು. ಬಿಟ್ಟರೆ ಗಾಲಿ ಹಗುರ. "ನಿಲ್ಲಿಸಿದಾಗ ಗೇರಿನ್ಯಾಗ ಬಿಡೋದು ಮಾತ್ರ ಮರೀಬ್ಯಾಡ್ರಿ," ಎಂದ.

ಆ ಸಂಜೆ ಓಣಿಯ ಇಳಿಜಾರಿನಲ್ಲಿ ಲಿವರು ಎಳೆದು, ಬ್ರೇಕಿನಿಂದ ಕಾಲನ್ನು ಮೆಲ್ಲಗೆ ಎತ್ತಿದಳು. ಕಾರು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಕುಸಿದು ಕೂತಿತು. ಜರುಗಲಿಲ್ಲ.

ಭಾನುವಾರ ಅವಳು ಹೊರಟಾಗ ಅಂಬ್ರಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಬಾಗಿಲಿಗೆ ಬಂದ. "ಒಬ್ಬಾಕೇ ಹೊಂಟೀಯೇನು? ರೊಟ್ಟಿ?"

"ಹಿಟ್ಟು ಡಬ್ಬ್ಯಾಗ ಅದ."

ಪಕ್ಕದ ಸೀಟಿನ ಕೆಳಗಿನಿಂದ ಕಲ್ಲು ತೆಗೆದು ಅವನ ಕೈಗೆ ಕೊಟ್ಟಳು. ಅವನ ತೋಳು ಕೆಳಗೆ ಬಾಗಿತು. ಹೋದ ವಾರ ಒಮ್ಮೆ ಎತ್ತಿದ್ದರೂ ಅದರ ಭಾರ ಅವನಿಗೆ ಈಗ ತಿಳಿದಂತಿತ್ತು.

"ಇದನ್ನ ಎಲ್ಲಿ ಇಡ್ಲಿ?"

"ನಿಮಗ ತಿಳಿದಲ್ಲಿ ಇಡ್ರಿ."

ಕನ್ನಡಿಯಲ್ಲಿ ಅವನು ಕಲ್ಲು ಹೊತ್ತು ನಿಂತಿದ್ದು ಬಹಳ ಹೊತ್ತು ಕಂಡಿತು.

ಶಹಾಪುರದ ಹತ್ತಿರ, ಗುಡ್ಡದ ಎದುರಿನ ಏರಿನಲ್ಲಿ ಅವಳು ಕಾರು ನಿಲ್ಲಿಸಿದಳು. ಲಿವರು ಎಳೆದಳು, ಗೇರಿನಲ್ಲಿ ಬಿಟ್ಟಳು. ಚಪ್ಪಲಿ ಕಳಚಿ ಹಿಂದಿನ ಸೀಟಿಗೆ ಹೋಗಿ, ಕಾಲು ಮಡಚಿ ಅಂಗಾತ ಮಲಗಿದಳು. ಕಿಟಕಿಯಲ್ಲಿ ಆ ಬುದ್ಧನೂ ಮಲಗಿದ್ದ. ಮೋಡದ ನೆರಳೊಂದು ಅವನ ಎದೆಯ ಮೇಲೆ ಹಾದುಹೋಯಿತು, ಉಸಿರಾಡಿದ ಹಾಗೆ. ಹತ್ತಿಯ ಹೊಲದ ಗಾಳಿ ಒಳಗೆ ಬಂತು. ಅವಳ ಕಣ್ಣು ಮುಚ್ಚಿದವು.

ಕಣ್ಣು ಬಿಟ್ಟಾಗ ಬಿಸಿಲು ಅವನ ಮೂಗಿನಿಂದ ಎದೆಗೆ ಇಳಿದಿತ್ತು. ಯಾರೂ ಎಬ್ಬಿಸಿರಲಿಲ್ಲ. ಕಾರು ಬಿಟ್ಟಲ್ಲೇ ಇತ್ತು.