ಎರೆಯದೆ ಉಳಿದ ಪಾಲು

ಈ ಪಂಚಮಿಗೆ ಕೊಬ್ಬರಿ ಬಟ್ಟಲನ್ನು ಹಾಲಿನಲ್ಲಿ ಅದ್ದಿದಾಗ ಅದೇ ವಾಸನೆ ಬಂತು… ಹಸಿಹಾಲು, ಬೆಲ್ಲ, ತೊಯ್ದ ಹುತ್ತದ ಮಣ್ಣು. ಬೈಲಹೊಂಗಲದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಕಾಕಿ ನೆನಪಾದರು.

ನಮ್ಮ ಓಣಿಯಲ್ಲಿ ನಾಗಪ್ಪನಿಗೆ ಹಾಲು ಹಾಕುವುದು ಅನ್ನುತ್ತಿರಲಿಲ್ಲ, ಎರೆಯುವುದು ಅನ್ನುತ್ತಿದ್ದರು. ಎರೆಯುವುದೆಂದರೆ ಮನೆಯ ಒಬ್ಬೊಬ್ಬರ ಹೆಸರು ಹಿಡಿದು ‘ಇವರ ಪಾಲು’ ಎಂದು ಬಟ್ಟಲಿನಿಂದ ಒಂದೊಂದು ಸಲ ಸುರಿಯುವುದು. ಬದುಕಿದ್ದವರಿಗಷ್ಟೇ ಪಾಲು.

ಸವದತ್ತಿಗೆ ಹೋಗಿಬರುತ್ತೇನೆಂದು ಹೊರಟ ಕಾಕಿಯ ಗಂಡ ಮೂರು ವರ್ಷವಾದರೂ ಬಂದಿರಲಿಲ್ಲ. ಪ್ರತಿ ಪಂಚಮಿಗೆ ಕಾಕಿ ಅವರ ಪಾಲು ಎರೆಯುತ್ತಿದ್ದರು. ಗಂಡನ ಹೆಸರನ್ನು ಬಾಯಿಂದ ಹೇಳುವವರಲ್ಲ. ಅತ್ತೆ ಹೇಳುತ್ತಿದ್ದರು, ಇವರು ಎರೆಯುತ್ತಿದ್ದರು. ಅತ್ತೆ ತೀರಿಕೊಂಡ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಹೆಸರು ಹೇಳುವ ಕೆಲಸ ನನಗೆ ಬಂತು. ಆಗ ನಾನು ಪಿಯುಸಿ. ಎಲ್ಲವನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದೆನೆಂದು ಕಾಕಿ ನನ್ನನ್ನು ‘ಓಣಿ ಶಾನಭೋಗತಿ’ ಎಂದು ಕಾಡುತ್ತಿದ್ದರು. ತಪ್ಪಬಾರದೆಂದು ಅವರ ಹೊಸ ರೇಷನ್ ಕಾರ್ಡು ನೋಡಿ ಹೆಸರು ಬರೆದುಕೊಂಡೆ. ಕಾಕಾ ಅವರ ಹೆಸರಿರಲಿಲ್ಲ. ಕಾರ್ಡಿನಲ್ಲಿ ಇಲ್ಲದ್ದನ್ನು ನಾನೇಕೆ ಸೇರಿಸಲಿ ಅಂದುಕೊಂಡೆ.

ನಾಲ್ಕು ಹೆಸರು ಓದಿ ನಿಲ್ಲಿಸಿದೆ. ಕಾಕಿ ಬಟ್ಟಲು ತುಂಬಿಕೊಂಡು ಕಾಯುತ್ತಿದ್ದರು.

“ಇನ್ನೊಂದು ಐತೆಲ್ಲವಾ,” ಅಂದರು.

“ಕಾರ್ಡಿನ್ಯಾಗ ಇಷ್ಟ ಅದಾವ್ರಿ ಕಾಕಿ.”

ಅವರು ಬಾಗಿಲಲ್ಲಿ ನಿಂತಿದ್ದ ಮೈದುನನನ್ನು ನೋಡಿದರು. ಆತ ತಲೆ ತಗ್ಗಿಸಿ, “ಹೊಸಾ ಕಾರ್ಡ ಮಾಡಸೂ ಮುಂದ ನಾನ ತಗಿಸೇನ್ರಿ ವೈನಿ. ಎಷ್ಟ ವರ್ಷ ಅಂತ…” ಅಂದ.

ಕಾಕಿ ನನ್ನ ಕಡೆ ತಿರುಗಿ, “ನೀ ಹೇಳವಾ. ನೀ ಹೇಳಿದ್ರ ನಾ ಎರೀತೇನಿ,” ಅಂದರು.

ಆ ಹೆಸರು ನನಗೆ ಗೊತ್ತಿತ್ತು. ಮೈದುನ ನನ್ನನ್ನೇ ನೋಡುತ್ತಿದ್ದ. ನಾನು ಹಾಳೆ ನೋಡುತ್ತ ಕೂತೆ… ಹಾಲು ಬಟ್ಟಲಿನ ಅಂಚಿನಿಂದ ಅವರ ಹಸಿರು ಬಳೆಗಳ ಮೇಲೆ ಇಳಿಯಿತು. ಕೊನೆಗೆ ಅವರು ಉಳಿದದ್ದನ್ನು ತಿರುಗಿ ತಂಬಿಗೆಗೆ ಸುರಿದು ಎದ್ದರು.

ಆ ದಿನದ ಪುಟದಲ್ಲಿ ‘ಕಾಕಿ ಮನೆ: ಪಾಲು ನಾಲ್ಕು’ ಎಂದು ನನ್ನ ಅಕ್ಷರದಲ್ಲೇ ಇದೆ. ದೀಪಾವಳಿಗೆ ಮೊದಲೇ ಅವರು ಮನೋಳಿಯ ತವರಿಗೆ ಹೋದರು, ಮರಳಲಿಲ್ಲ. ಎರಡು ಪತ್ರ ಹಾಕಿದೆ. ಉತ್ತರವಿಲ್ಲ.

ಈ ಸಲ ನಮ್ಮ ಮನೆಯವರ ಪಾಲು ಮುಗಿದ ಮೇಲೆ ಬಟ್ಟಲನ್ನು ಮತ್ತೆ ತುಂಬಿದೆ. ಕಾಕಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದಾರೆಂದೇ ಹೆಸರು ಹಿಡಿದು ಎರೆದೆ. ಆಮೇಲೆ ಕಾಕಾ ಅವರ ಹೆಸರನ್ನೂ ಗಟ್ಟಿಯಾಗಿ ಹೇಳಿದೆ. ಅದನ್ನು ಕೇಳಬೇಕಾದವರು ಅಲ್ಲಿರಲಿಲ್ಲ.