ಫ್ಲ್ಯಾಶಣ್ಣನ ಐದನೇ ಉತ್ತರ

ನನ್ನ ಕನ್ನಡಕದಂಗಡಿಗೂ ಫ್ಲ್ಯಾಶಣ್ಣನ ಫೋಟೊ ಸ್ಟುಡಿಯೊಗೂ ನಡುವೆ ಒಂದೇ ಗೋಡೆ, ಅದೂ ತೆಳುವಾದದ್ದು. ಹಾಗಾಗಿ ಅವನ ಜೀವನಚರಿತ್ರೆ ನನಗೆ ಬಾಯಿಪಾಠ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, "ಎರಡು ಕಿವಿನೂ ಕಾಣ್ಬೇಕು, ಗದ್ದ ಸ್ವಲ್ಪ ಕೆಳಗೆ, ನಗಬಾರ್ದು" ಎಂದು ಅಲುಗಾಡದಂತೆ ಮಾಡಿದ ಮೇಲೆಯೇ ಅವನು ಬಾಯಿ ಬಿಚ್ಚುತ್ತಿದ್ದದ್ದು. ಪಾಸ್‌ಪೋರ್ಟ್ ಫೋಟೊಗೆ ಕೂತವರು ಆಕಳಿಸುವಂತಿಲ್ಲ, ಎದ್ದು ಹೋಗುವಂತಿಲ್ಲ. ಇಂಥ ಸಭಿಕರು ಯಾವ ಭಾಷಣಕಾರನಿಗೆ ಸಿಕ್ಕಾರು? ಹುಟ್ಟಿದ ಊರು, ಓದಿದ ಶಾಲೆ, ಮೊದಲು ಕೊಂಡ ಸ್ಕೂಟರು, ಚಿಕ್ಕಂದಿನಲ್ಲಿ ಸಾಕಿದ ನಾಯಿಯ ಹೆಸರು ಎಲ್ಲವೂ ಒಂದರ ಹಿಂದೊಂದು ಬರುತ್ತಿದ್ದವು. ನಮ್ಮ ಬೀದಿಯಲ್ಲಿ ಆ ನಾಯಿಯ ಹೆಸರು ಗೊತ್ತಿಲ್ಲದವರು ಇರಲಿಲ್ಲ.

ಕೊನೆಗೆ ಬರುತ್ತಿದ್ದದ್ದು ಗುರುಪುರಾಣ. "ನಾನು ಕೆಲಸ ಕಲ್ತಿದ್ದು ಯಾರ ಹತ್ರ ಗೊತ್ತಾ? ಸಿನಿಮಾದವರ ಫೋಟೊ ತೆಗೀತಿದ್ದ ದೊಡ್ಡ ಮೇಷ್ಟ್ರ ಹತ್ರ. ಮೂರು ವರ್ಷ ಅವರ ಜೊತೇಲೇ ಇದ್ದೆ!"

ಇದು ಶುದ್ಧ ಬುರುಡೆ. ಆ ಮೇಷ್ಟ್ರ ಬಳಿ ಅವನಿದ್ದದ್ದು ಹನ್ನೊಂದು ದಿನ, ಮಾಡಿದ್ದು ಬೆಳಕಿನ ಛತ್ರಿ ಹಿಡಿಯುವ ಕೆಲಸ. ಕ್ಯಾಮೆರಾ ಹಿಡಿಯುವುದು, ಫಿಲ್ಮ್ ತೊಳೆಯುವುದು, ನೆಗೆಟಿವ್ ಮೇಲೆ ಸಣ್ಣ ಬ್ರಷ್ಷಿನಿಂದ ಮೊಡವೆ ಅಳಿಸುವುದು, ಇವೆಲ್ಲವನ್ನೂ ಕಲಿಸಿದವರು ಅವನ ಸ್ವಂತ ಅಕ್ಕ. ನನಗೆ ಹೇಗೆ ಗೊತ್ತು ಅಂದರೆ, ಆ ಬ್ರಷ್ಷಿನ ಕೆಲಸದಿಂದ ಕಣ್ಣು ಹಾಳಾದದ್ದು ಅವರದು, ಅವರಿಗೆ ಕನ್ನಡಕ ಮಾಡಿಕೊಡುವವನು ನಾನು. ಈಗ ಅಕ್ಕ ಸ್ಟುಡಿಯೊದ ಪರದೆಯ ಹಿಂದೆ ಕೂತು ಫೋಟೊ ಕತ್ತರಿಸುತ್ತಾರೆ. ಯಾರಾದರೂ ಕೇಳಿದರೆ ಫ್ಲ್ಯಾಶಣ್ಣ, "ಅವಳಾ? ನಮ್ಮಕ್ಕ. ಮನೇಲಿ ಬೇಜಾರು ಅಂತ ಬಂದು ಕೂರ್ತಾಳೆ" ಅನ್ನುತ್ತಿದ್ದ. ಗೋಡೆಯ ಈಚೆ ನಾನು ಕೇಳಿಸಿಕೊಂಡು ಸುಮ್ಮನಿರುತ್ತಿದ್ದೆ. ಪಕ್ಕದಂಗಡಿಯವನ ಜೊತೆ ಯಾಕೆ ನಿಷ್ಠುರ ಎಂಬ ನನ್ನ ಹೇಡಿತನಕ್ಕೆ ನಾನೇ ಒಳ್ಳೆಯತನ ಅಂತ ಹೆಸರಿಟ್ಟುಕೊಂಡಿದ್ದೆ.

ಫ್ಲ್ಯಾಶಣ್ಣನ ಮಗಳಿಗೆ ದೊಡ್ಡ ಕಂಪನಿಯಲ್ಲಿ ನೌಕರರ ಡಿಜಿಟಲ್ ಗುರುತು ಕಾಯುವ ಕೆಲಸ. ಯಾರು ಯಾವ ಕಂಪ್ಯೂಟರಿನೊಳಗೆ ಹೋಗಬಹುದು, ಹೋದವನು ನಿಜವಾಗಿ ಅವನೇ ಹೌದೋ ಅಲ್ಲವೋ ನೋಡಬೇಕು. ಅವಳೊಮ್ಮೆ ಸ್ಟುಡಿಯೊಗೆ ಬಂದಾಗ ಗಿರಾಕಿಗಳು ತಲೆ ಬಾಚುವ ಕನ್ನಡಿಯ ಕೆಳಗೆ ಒಂದು ಚೀಟಿ ಅಂಟಿಸಿದ್ದನ್ನು ನೋಡಿ ಹೌಹಾರಿದಳು. ಸ್ಟುಡಿಯೊದ ಆನ್‌ಲೈನ್ ಪುಟದ ಪಾಸ್‌ವರ್ಡ್ ಅದು. ಸ್ಟುಡಿಯೊ ಹೆಸರು, ಮುಂದೆ ಒಂದು ಎರಡು ಮೂರು.

"ಅಪ್ಪಾ, ಇದನ್ನ ಯಾಕೆ ಇಲ್ಲಿ ಅಂಟಿಸಿದೀಯ?"

"ಮರೆತುಹೋದ್ರೆ?"

"ಬದಲಾಯಿಸು. ಫೋನಿಗೆ ಕೋಡ್ ಬರೋ ಹಾಗೂ ಮಾಡ್ಕೊಡ್ತೀನಿ. ಒಂದರ ಮೇಲೊಂದು ಬೀಗ ಇರ್ಲಿ."

"ಊರಿನವರ ಮುಖಕ್ಕೆಲ್ಲ ಗುರುತಿನ ಚೀಟಿ ಮಾಡಿಕೊಟ್ಟವನು ನಾನು ಕಣಮ್ಮಾ. ನನ್ನ ಗುರುತು ಯಾವನು ಕದೀತಾನೆ?"

ಅವನು ಚೀಟಿ ಕೀಳಲಿಲ್ಲ, ಪಾಸ್‌ವರ್ಡ್ ಬದಲಾಯಿಸಲಿಲ್ಲ, ಎರಡನೇ ಬೀಗಕ್ಕಂತೂ ಒಪ್ಪಲೇ ಇಲ್ಲ. ಪುಟದ ಒಡೆತನ ಸಾಬೀತು ಮಾಡಲು ಐದು ಗುಟ್ಟಿನ ಪ್ರಶ್ನೆಗಳಿದ್ದವು. ನಾಲ್ಕಕ್ಕೆ ಅವನು ಊರು, ಶಾಲೆ, ಸ್ಕೂಟರು, ನಾಯಿ ಅಂತ ತುಂಬಿಸಿದ್ದ. ಮಗಳು ಹಣೆ ಚಚ್ಚಿಕೊಂಡು, ಅಪ್ಪನನ್ನು ಮನೆಯಲ್ಲಿ ಕೂರಿಸಿ ಐದನೆಯದನ್ನು ಕೇಳಿದಳು: ಕೆಲಸ ಕಲಿಸಿದವರು ಯಾರು? ಮನೆಯಲ್ಲಿ ಸ್ಟೂಲಿರಲಿಲ್ಲ, ಗಿರಾಕಿಯಿರಲಿಲ್ಲ. "ಅಕ್ಕ ಅಂತ ಹಾಕು" ಅಂದ.

ಕದಿಯುವವನು ಬಂದೇ ಬಂದ. ಒಂದೇ ತಿಂಗಳಲ್ಲಿ ಮೂರು ಸಲ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡ, ಮೂರು ಸಲವೂ ಕನ್ನಡಿಯ ಮುಂದೆ ಬಹಳ ಹೊತ್ತು ತಲೆ ಬಾಚಿದ. ಆಮೇಲೆ ರಸ್ತೆಯ ತುದಿಯಲ್ಲಿ ತನ್ನದೇ ಸ್ಟುಡಿಯೊ ತೆರೆದ. ಒಂದು ಬೆಳಿಗ್ಗೆ ನೋಡಿದರೆ ಫ್ಲ್ಯಾಶಣ್ಣನ ಪುಟದಲ್ಲಿ ಹೆಸರು ಫ್ಲ್ಯಾಶಣ್ಣನದೇ, ಫೋಟೊಗಳೂ ಫ್ಲ್ಯಾಶಣ್ಣ ತೆಗೆದವೇ, ಫೋನ್ ನಂಬರು ಮಾತ್ರ ಬೇರೆ. ಮೇಲೆ "ನಮ್ಮ ಸ್ಟುಡಿಯೊ ಸ್ಥಳಾಂತರಗೊಂಡಿದೆ" ಎಂಬ ಸೂಚನೆ. ಶಾಲೆಗಳ ಗುರುತಿನ ಚೀಟಿಯ ಕೆಲಸವೆಲ್ಲ ರಸ್ತೆ ತುದಿಗೆ ಹೋಯಿತು. ಫ್ಲ್ಯಾಶಣ್ಣ ಪುಟದ ಕೆಳಗೆ "ಇದು ಮೋಸ, ಅಸಲಿ ಮಾಲೀಕ ನಾನು" ಎಂದು ಬರೆದ. ಅರ್ಧ ಗಂಟೆಯಲ್ಲಿ ಅವನ ಫೋಟೊವನ್ನೇ ಹಾಕಿ, "ಈ ನಕಲಿ ವ್ಯಕ್ತಿಯ ಬಗ್ಗೆ ಎಚ್ಚರವಿರಲಿ" ಎಂಬ ಪ್ರಕಟಣೆ ಬಂತು. ನಾನು ನಗಬಾರದಿತ್ತು, ನಕ್ಕೆ.

ಫ್ಲ್ಯಾಶಣ್ಣ ಮಾತ್ರ ಒಂದೇ ವಾರದಲ್ಲಿ ಇಳಿದುಹೋದ. "ನೀವು ಅಂಗಡಿ ಮುಚ್ಚಿದ್ರಂತಲ್ಲ?" ಎಂದು ತೆರೆದ ಬಾಗಿಲಲ್ಲೇ ನಿಂತು ಕೇಳುವವರಿಗೆ ಅವನೇನು ಹೇಳಬೇಕು? ಮಗಳು ಪುಟದ ಕಂಪನಿಗೆ ದೂರು ಕೊಟ್ಟಳು. ಆ ಕಳ್ಳನೂ ತಾನೇ ಮಾಲೀಕ ಎಂದು ಉತ್ತರ ಕಳಿಸಿದ್ದ. ಹಾಗಾದರೆ ಶನಿವಾರ ಹನ್ನೊಂದಕ್ಕೆ ವಿಡಿಯೊ ಕರೆ ಮಾಡುತ್ತೇವೆ ಎಂದರು ಕಂಪನಿಯವರು. ತೆರೆದಿರುವ ಅಂಗಡಿ, ಬೋರ್ಡು, ಮಾಲೀಕನ ಮುಖ ಎಲ್ಲ ಕಾಣಬೇಕು, ಐದು ಪ್ರಶ್ನೆಗೂ ಅವನೇ ಬಾಯಿಬಿಟ್ಟು ಉತ್ತರಿಸಬೇಕು. ಒಂದು ತಪ್ಪಿದರೂ ಪುಟ ಈಗ ಯಾರ ಕೈಯಲ್ಲಿದೆಯೋ ಅವರದೇ.

"ನಾಲ್ಕು ಉತ್ತರ ಅವನಿಗೂ ಗೊತ್ತು" ಎಂದಳು ಮಗಳು. "ಐದನೇದಕ್ಕೆ ದೊಡ್ಡ ಮೇಷ್ಟ್ರು ಅಂತಲೇ ಬರೆದಿರ್ತಾನೆ. ಅಷ್ಟು ಸಲ ಕೇಳಿದಾನೆ. ನಿನ್ನನ್ನ ಉಳಿಸೋದು ಅದೊಂದೇ ಅಪ್ಪಾ."

"ಅದನ್ನ ಮನೇಲಿ ಹೇಳಿದ್ರೆ ಆಗಲ್ವಾ?"

"ಆಗಲ್ಲ."

ಶನಿವಾರ ಸ್ಟುಡಿಯೊ ತುಂಬಿತ್ತು. ಶಾಲೆಯ ಹೆಡ್‌ಮಾಸ್ಟರು, ಎದುರಿನ ಟೈಲರು, ಫೋಟೊಗೆ ಬಂದ ಮೂರು ಜನ, ಕೆಲಸ ಬಿಟ್ಟು ಬಂದ ನಾನು. ಮಗಳು ಫೋನ್ ಹಿಡಿದು ಮೊದಲು ಬೋರ್ಡನ್ನೂ ಆಮೇಲೆ ಅಪ್ಪನನ್ನೂ ತೋರಿಸಿದಳು. ಫೋನಿನ ಆ ಕಡೆಯ ಹುಡುಗಿ ಒಂದೊಂದೇ ಪ್ರಶ್ನೆ ಕೇಳಿದಳು. ಊರು ಸರಿಯಾಯಿತು. ಶಾಲೆ, ಸ್ಕೂಟರು ಸರಿಯಾದವು. ನಾಯಿಯ ಹೆಸರನ್ನು ಫ್ಲ್ಯಾಶಣ್ಣನಿಗಿಂತ ಮೊದಲೇ ಟೈಲರು ಹೇಳಿಬಿಟ್ಟ.

"ಸರ್, ಪಕ್ಕದವರು ಉತ್ತರ ಹೇಳ್ಕೊಡಬಾರ್ದು" ಎಂದಳು ಹುಡುಗಿ. "ಕೊನೇ ಪ್ರಶ್ನೆ. ನಿಮಗೆ ಈ ಕೆಲಸ ಕಲಿಸಿದ್ದು ಯಾರು?"

"ದೊಡ್ಡ ಮೇಷ್ಟ್ರು!" ಎಂದಿತು ಇಡೀ ಸ್ಟುಡಿಯೊ.

"ಅವರೇ ಹೇಳ್ಬೇಕು. ಒಂದೇ ಸಲ ಅವಕಾಶ."

ಫ್ಲ್ಯಾಶಣ್ಣ ಹೆಡ್‌ಮಾಸ್ಟರ ಮುಖ ನೋಡಿದ, ನನ್ನ ಮುಖ ನೋಡಿದ. ನನಗೆ ಗೊತ್ತಿದೆ ಎಂಬುದು ಅವನಿಗೆ ಆವತ್ತೇ ಗೊತ್ತಾಯಿತೆಂದು ಕಾಣುತ್ತದೆ. ಪರದೆಯ ಹಿಂದೆ ಅಕ್ಕನ ಫೋಟೊ ಕಟ್ಟರು ತನ್ನ ಪಾಡಿಗೆ ಕಟ್ ಕಟ್ ಎನ್ನುತ್ತಿತ್ತು. ಅವನು ಏನೋ ಗೊಣಗಿದ.

"ಕೇಳಿಸ್ತಿಲ್ಲ ಸರ್. ಜೋರಾಗಿ ಹೇಳಿ."

"ನಮ್ಮಕ್ಕ" ಎಂದ. ಯಾರೂ ಕೇಳದಿದ್ದರೂ ಇನ್ನೊಂದು ಸಲ ಹೇಳಿದ: "ನಮ್ಮಕ್ಕ ಕಲಿಸಿದ್ದು. ಮೇಷ್ಟ್ರಲ್ಲ."

ಕಟ್ಟರಿನ ಸದ್ದು ನಿಂತಿತು.

"ಸರಿಯಾಗಿದೆ. ಪುಟ ಇವತ್ತೇ ನಿಮಗೆ ವಾಪಸ್ ಬರುತ್ತೆ" ಎಂದಳು ಹುಡುಗಿ. "ಆದ್ರೆ ಸರ್, ಈ ಉತ್ತರ ಈಗ ಅಲ್ಲಿರೋರಿಗೆಲ್ಲ ಗೊತ್ತಾಯ್ತು. ಇನ್ಮೇಲೆ ಇದು ಗುಟ್ಟಾಗಿ ಉಳಿಯಲ್ಲ, ಬದಲಾಯಿಸ್ಕೊಳ್ಳಿ."

ಪರದೆ ಸರಿಸಿಕೊಂಡು ಅಕ್ಕ ಈಚೆ ಬಂದರು. ನಾನು ಮಾಡಿಕೊಟ್ಟ ದಪ್ಪ ಕನ್ನಡಕ ಹಣೆಯ ಮೇಲಿತ್ತು. ಅಷ್ಟು ವರ್ಷ ಅದೇ ಸ್ಟೂಲಿನಲ್ಲಿ ಕೂತು ಅದೇ ಬುರುಡೆ ಕೇಳಿಸಿಕೊಂಡವರೆಲ್ಲ ಈಗ ಅವರಿಗೆ ದಾರಿ ಬಿಟ್ಟು ನಿಂತೆವು. ನನಗೆ ನಾಚಿಕೆಯಾಯಿತು.

"ನೀವೇನಮ್ಮಾ ಕಲಿಸಿದ್ದು?" ಎಂದರು ಹೆಡ್‌ಮಾಸ್ಟರು.

"ಹೂಂ. ಬಚ್ಚಲುಮನೆ ಬಾಗಿಲಿಗೆ ಕಂಬಳಿ ಕಟ್ಟಿ, ಕತ್ತಲೆ ಮಾಡಿ ಕಲಿಸಿದ್ದು. ನಾಲ್ಕು ರೋಲು ಹಾಳು ಮಾಡಿದ ಇವನು." ಆಮೇಲೆ ತಮ್ಮನ ಕಡೆ ತಿರುಗಿದರು. "ಇದು ಇನ್ನು ಗುಟ್ಟಲ್ಲ ತಾನೇ?"

"ಅಲ್ಲ ಅಕ್ಕಾ."

"ಹಾಗಾದ್ರೆ ಬೋರ್ಡಿನ ಮೇಲೆ ನನ್ನ ಹೆಸರು ಬರೆಸು."

ಫ್ಲ್ಯಾಶಣ್ಣ ಹೊರಗೆ ಹೋಗಿ ಕತ್ತೆತ್ತಿ ನೋಡಿದ. ಈ ಕೊನೆಯಿಂದ ಆ ಕೊನೆಯವರೆಗೆ ಅವನ ಹೆಸರೇ ಇತ್ತು.

"ಜಾಗ ಇಲ್ವಲ್ಲ ಅಕ್ಕಾ" ಎಂದ.

"ನಿಂದು ಚಿಕ್ಕದು ಮಾಡ್ಸು" ಎಂದು ಅಕ್ಕ ಸ್ಟೂಲಿನ ಮೇಲೆ ಕೂತರು.